ಮಲ್ಲಿಗೆಯ ಮೊಗ್ಗು ಬಾಧಿಸುವ ಕೀಟಗಳು: ತೀಕ್ಷ್ಣ ರಾಸಾಯನಿಕಗಳಿಲ್ಲದೆ ಹತೋಟಿ

ಪೀಠಿಕೆ

ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಮತ್ತು ಹಡಗಲಿ ಮಲ್ಲಿಗೆ ಈ ಮೂರೂ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ರಾಜ್ಯದ ಹೆಮ್ಮೆಯ ಪುಷ್ಪಗಳು. ಕಡಿಮೆ ಜಮೀನು ಉಳ್ಳ ಕುಟುಂಬಗಳಿಗೆ ಮಲ್ಲಿಗೆಯು ನಿತ್ಯದ ಆದಾಯ ತರುವ ಬೆಳೆ. ಬೆಳಗಿನ ಜಾವ ಬಿಡಿಸಿದ ಮೊಗ್ಗು ಮಧ್ಯಾಹ್ನದೊಳಗೆ ಮಾರುಕಟ್ಟೆ ಸೇರುತ್ತದೆ, ಸಂಜೆಗೆ ದೇವರ ಪಟವನ್ನೋ ಹೆಣ್ಣುಮಕ್ಕಳ ಮುಡಿಯನ್ನೋ ಏರುತ್ತದೆ.

ಕೀಟ ಹತೋಟಿಯ ದೃಷ್ಟಿಯಿಂದ ಮಲ್ಲಿಗೆಯನ್ನು ಇತರ ಬೆಳೆಗಳಿಂದ ಬೇರ್ಪಡಿಸುವ ಸಂಗತಿಯೂ ಇದೇ ಆಗಿದೆ. ಯಾವುದೇ ಕೀಟನಾಶಕವನ್ನು ಸಿಂಪಡಿಸಿದ ನಂತರ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆ. ಭತ್ತದಲ್ಲಿ, ತೊಗರಿಯಲ್ಲಿ ಈ ಅಂತರವನ್ನು ಪಾಲಿಸಬಹುದು. ಪ್ರತಿ ದಿನವೂ ಕೊಯ್ಲಾಗುವ ಮಲ್ಲಿಗೆಯಲ್ಲಿ ಅದು ಬಹುಮಟ್ಟಿಗೆ ಅಸಾಧ್ಯ. ಸಂಜೆ ಸಿಂಪಡಿಸಿದ ವಿಷವನ್ನು ಮರುದಿನ ನಸುಕಿನಲ್ಲಿ ಮೊಗ್ಗು ಬಿಡಿಸುವವರ ಬೆರಳು, ಆನಂತರ ಹೂ ಕಟ್ಟುವವರ ಕೈ, ಕೊನೆಗೆ ಮುಡಿಯುವವರ ನೆತ್ತಿ ಮತ್ತು ಮೂಗು ಸ್ಪರ್ಶಿಸುತ್ತವೆ. ಬಿಡಿಸುವವರೂ ಕಟ್ಟುವವರೂ ಹೆಚ್ಚಾಗಿ ಬೆಳೆಗಾರರ ಮನೆಯ ಹೆಣ್ಣುಮಕ್ಕಳೇ ಎಂಬುದನ್ನು ಮರೆಯಬಾರದು.

ಆದ್ದರಿಂದ ಮಲ್ಲಿಗೆಯಲ್ಲಿ ಕೀಟ ನಿರ್ವಹಣೆಯ ಭಾರವನ್ನು ಸಿಂಪರಣೆಯ ಮೇಲೆ ಹೊರಿಸದೆ ಸವರುವಿಕೆ, ಬಾಧಿತ ಮೊಗ್ಗುಗಳ ಸಂಗ್ರಹ ಮತ್ತು ಗಿಡದ ಬುಡದ ಮಣ್ಣಿನ ಉಪಚಾರ ಈ ಮೂರರ ಮೇಲೆ ಇರಿಸಬೇಕು. ಮೊಗ್ಗಿಗೆ ಅತಿ ಹೆಚ್ಚು ಹಾನಿ ಮಾಡುವ ಎರಡು ಕೀಟಗಳ ಜೀವನಚಕ್ರವು ಮಣ್ಣಿನ ಮೂಲಕವೇ ಹಾದುಹೋಗುವುದರಿಂದ ಈ ಕ್ರಮ ಫಲಕಾರಿಯಾಗಿದೆ. ಸಿಂಪರಣೆ ಇದಕ್ಕೆ ಪೂರಕ ಮಾತ್ರ.

ಮೊದಲು ಕೀಟವನ್ನು ಗುರುತಿಸಿ

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಅರಳದೆ ಉದುರುವುದು ಮಲ್ಲಿಗೆ ಬೆಳೆಗಾರರ ಸಾಮಾನ್ಯ ದೂರು. ಇದನ್ನು ರೋಗವೆಂದು ಭಾವಿಸಿ ಶಿಲೀಂಧ್ರನಾಶಕ ಸಿಂಪಡಿಸುವ ರೈತರು ಅನೇಕರಿದ್ದಾರೆ. ಅದರಿಂದ ಹಣ ಮತ್ತು ಸಮಯ ಎರಡೂ ವ್ಯರ್ಥವಾಗುತ್ತವೆ. ಬಣ್ಣಗೆಟ್ಟ ಮೊಗ್ಗನ್ನು ಉಗುರಿನಿಂದ ಅಥವಾ ಸೂಜಿಯಿಂದ ಉದ್ದಕ್ಕೆ ಸೀಳಿ ನೋಡಿದರೆ ಕಾರಣ ತಿಳಿಯುತ್ತದೆ. ಭೂತಗನ್ನಡಿ ಇದ್ದರೆ ಒಳ್ಳೆಯದು.

1. ಮೊಗ್ಗಿನ ಮೇಲೆ ದುಂಡಗಿನ ರಂಧ್ರ, ರಂಧ್ರದ ಬಳಿ ಹಿಕ್ಕೆ, ಒಳಗೆ ಕಪ್ಪು ತಲೆಯ ಹಸಿರು ಬಣ್ಣದ ಒಂದು ಹುಳು ಕಂಡುಬಂದರೆ ಅದು ಮೊಗ್ಗು ಕೊರೆಯುವ ಹುಳು.

2. ಮೇಲೆ ರಂಧ್ರವಿಲ್ಲದೆ, ಮೊಗ್ಗಿನ ಬುಡ ಉಬ್ಬಿಕೊಂಡು, ಒಳಗೆ ಕಾಲುಗಳಿಲ್ಲದ ಅತಿ ಸಣ್ಣ ಬಿಳಿ ಅಥವಾ ಹಳದಿ ಹುಳುಗಳು ಗುಂಪಾಗಿ ಕಂಡುಬಂದರೆ ಅದು ಮೊಗ್ಗು ನೊಣ.

3. ಮೊಗ್ಗಿನ ಗೊಂಚಲನ್ನು ರೇಷ್ಮೆಯಂತಹ ಎಳೆಗಳಿಂದ ಹೆಣೆದು, ಎಳೆಗಳಿಗೆ ಹಿಕ್ಕೆ ಅಂಟಿಕೊಂಡಿದ್ದು, ಒಳಗೆ ಕೆಂಪು ತಲೆಯ ಹುಳು ಇದ್ದರೆ ಅದು ಗೊಂಚಲು ಹೆಣೆಯುವ ಹುಳು.

4. ಮೊಗ್ಗು, ಎಳೆಯ ಕಾಂಡ ಮತ್ತು ಎಲೆಗಳ ಮೇಲೆ ಬಿಳಿ ಮಖಮಲ್ಲಿನಂತಹ ರೋಮಗಳ ಬೆಳವಣಿಗೆ ಕಂಡುಬಂದರೆ ಅದು ಎರಿಯೋಫಿಡ್ ನುಸಿಯ ಬಾಧೆ. ಇದನ್ನು ಬೂದಿ ರೋಗವೆಂದು ತಪ್ಪಾಗಿ ತಿಳಿಯುವುದುಂಟು. ಬೂದಿ ರೋಗದ ಪುಡಿಯನ್ನು ಬೆರಳಿನಿಂದ ಒರೆಸಬಹುದು, ನುಸಿಯಿಂದಾದ ರೋಮಗಳು ಒರೆಸಿದರೆ ಹೋಗುವುದಿಲ್ಲ.

ಈ ನಾಲ್ಕರಲ್ಲಿ ಯಾವುದೆಂದು ಖಚಿತವಾಗದೆ ಯಾವ ಸಿಂಪರಣೆಯನ್ನೂ ಕೈಗೊಳ್ಳಬಾರದು. ಒಂದಕ್ಕೆ ಮದ್ದಾದದ್ದು ಮತ್ತೊಂದಕ್ಕೆ ಮದ್ದಲ್ಲ.

ಪ್ರಮುಖ ಕೀಟಗಳು ಮತ್ತು ಅವುಗಳ ಜೀವನಕ್ರಮ

ಮೊಗ್ಗು ಕೊರೆಯುವ ಹುಳು (ಹೆಂಡೆಕಾಸಿಸ್ ಡ್ಯುಪ್ಲಿಫ್ಯಾಸಿಯಾಲಿಸ್)

ಇದರ ಪ್ರೌಢ ಕೀಟವು ಕಪ್ಪು ಅಲೆ ಗೆರೆಗಳುಳ್ಳ ಚಿಕ್ಕ ಬಿಳಿ ಪತಂಗ. ಎಳೆಯ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳು ಮೊಗ್ಗನ್ನು ಕೊರೆದು ಒಳಸೇರಿ ಹೂವಿನ ಒಳಭಾಗಗಳನ್ನು ತಿನ್ನುತ್ತದೆ. ಒಂದು ಮೊಗ್ಗು ಬರಿದಾದ ನಂತರ ಮತ್ತೊಂದಕ್ಕೆ ಸಾಗುವುದರಿಂದ ಒಂದೇ ಹುಳು ಹಲವು ಮೊಗ್ಗುಗಳನ್ನು ಕೆಡಿಸುತ್ತದೆ. ಬಾಧೆ ತೀವ್ರವಾದಾಗ ಅಕ್ಕಪಕ್ಕದ ಮೊಗ್ಗುಗಳನ್ನು ಎಳೆಗಳಿಂದ ಬಂಧಿಸುವುದೂ ಉಂಟು. ಬೆಳೆದ ಹುಳು ಹೆಚ್ಚಾಗಿ ಗಿಡದ ಬುಡದ ಮಣ್ಣಿಗಿಳಿದು ಕೋಶಾವಸ್ಥೆಗೆ ಹೋಗುತ್ತದೆ. ಒಂದು ಪೀಳಿಗೆ ಮುಗಿಯಲು ಸುಮಾರು ಮೂರು ವಾರ ಸಾಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹುಳು ಮೊಗ್ಗಿನ ಹೊರಗೆ ಇರುವ ಅವಧಿ ತೀರ ಅಲ್ಪ. ಒಳಸೇರಿದ ನಂತರ ಮೇಲೆ ಬಿದ್ದ ಸಿಂಪರಣೆ ಅದನ್ನು ತಲುಪದು.

ಮೊಗ್ಗು ನೊಣ (ಕಾಂಟಾರಿನಿಯಾ ಮ್ಯಾಕುಲಿಪೆನ್ನಿಸ್)

ಇದು ಸೊಳ್ಳೆಯನ್ನು ಹೋಲುವ, ಒಂದೆರಡು ಮಿಲಿಮೀಟರ್ ಗಾತ್ರದ ನೊಣ. ಕಣ್ಣಿಗೆ ಸುಲಭವಾಗಿ ಬೀಳದು. ಹೆಣ್ಣು ನೊಣವು ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ. ಹುಳುಗಳು ಒಳಗೇ ಗುಂಪಾಗಿ ಬೆಳೆಯುತ್ತವೆ. ಮೊಗ್ಗು ಬುಡದಲ್ಲಿ ಉಬ್ಬಿ, ನಸುಗೆಂಪು ಅಥವಾ ನೇರಳೆ ಬಣ್ಣ ತಳೆದು, ಅರಳದೆ ಒಣಗಿ ಉದುರುತ್ತದೆ. ಬಲಿತ ಹುಳುಗಳು ಮೊಗ್ಗಿನಿಂದ ಹೊರಬಂದು ನೆಲಕ್ಕೆ ಬಿದ್ದು ತೇವವುಳ್ಳ ಮೇಲ್ಮಣ್ಣಿನಲ್ಲಿ ಕೋಶವಾಗುತ್ತವೆ. ಮೊಟ್ಟೆಯಿಂದ ನೊಣದವರೆಗೆ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಅದರಲ್ಲಿ ಬಹುಪಾಲು ಮಣ್ಣಿನಲ್ಲೇ ಕಳೆಯುತ್ತದೆ.

ಮೊಟ್ಟೆ ಮತ್ತು ಹುಳು ಎರಡೂ ಮೊಗ್ಗಿನೊಳಗೆ ಅಡಗಿರುವುದರಿಂದ ಸಿಂಪರಣೆಯಿಂದ ಈ ಕೀಟವನ್ನು ನಿಗ್ರಹಿಸುವುದು ಮೊಗ್ಗು ಕೊರೆಯುವ ಹುಳುವಿಗಿಂತಲೂ ಕಠಿಣ. ಮಣ್ಣಿನ ಉಪಚಾರವೇ ಇದಕ್ಕೆ ಮುಖ್ಯ ಪರಿಹಾರ.

ಗೊಂಚಲು ಹೆಣೆಯುವ ಹುಳು (ಎಲಾಸ್ಮೊಪಾಲ್ಪಸ್ ಜಾಸ್ಮಿನೊಫೇಗಸ್)

ರೆಂಬೆಯ ತುದಿಯಲ್ಲಿನ ಮೊಗ್ಗಿನ ಗೊಂಚಲನ್ನು ಹೆಣೆದುಕೊಂಡು ಒಳಗಿದ್ದು ತಿನ್ನುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಕಾಣುವುದರಿಂದ ಕೈಯಿಂದ ಆರಿಸಿ ತೆಗೆಯುವುದೇ ಸುಲಭ ಮತ್ತು ಸಾಕಾಗುವ ಉಪಾಯ.

ಎಲೆ ಬಲೆ ಕಟ್ಟುವ ಹುಳು (ನಾಸಿನೋ ಜಿಯೋಮೆಟ್ರಾಲಿಸ್)

ಮಳೆಗಾಲದಲ್ಲಿ, ಗಿಡದ ಒಳಭಾಗದ ನೆರಳಿನ ಎಲೆಗಳಲ್ಲಿ ಹೆಚ್ಚು. ಎಲೆಯ ಹಸಿರು ಭಾಗವನ್ನು ತಿಂದು ಜಾಲರಿಯಂತೆ ನರಗಳನ್ನಷ್ಟೇ ಉಳಿಸುತ್ತದೆ. ಒತ್ತಾಗಿ ಬೆಳೆದ, ಗಾಳಿ ಬೆಳಕು ಆಡದ ಗಿಡಗಳಲ್ಲಿ ಬಾಧೆ ಅಧಿಕ. ಒಳರೆಂಬೆಗಳನ್ನು ತೆಳುವಾಗಿಸಿದರೆ ಬಹುಮಟ್ಟಿಗೆ ತಗ್ಗುತ್ತದೆ.

ನುಸಿಗಳು ಮತ್ತು ರಸ ಹೀರುವ ಕೀಟಗಳು

ಬೇಸಿಗೆಯ ಒಣ ಹವೆಯಲ್ಲಿ ಕೆಂಪು ನುಸಿ ಎಲೆಯ ಕೆಳಭಾಗದಲ್ಲಿ ರಸ ಹೀರಿ ಹಳದಿ ಚುಕ್ಕೆಗಳನ್ನುಂಟು ಮಾಡುತ್ತದೆ. ಥ್ರಿಪ್ಸ್, ಬಿಳಿ ನೊಣ ಮತ್ತು ಹಿಟ್ಟು ತಿಗಣೆಗಳು ಅಲ್ಲಲ್ಲಿ ಕಂಡುಬರುತ್ತವೆ. ತೀಕ್ಷ್ಣ ಕೀಟನಾಶಕಗಳನ್ನು ಪದೇ ಪದೇ ಬಳಸಿದ ತೋಟಗಳಲ್ಲಿ ನುಸಿಗಳನ್ನು ತಿನ್ನುವ ಪರಭಕ್ಷಕ ಜೀವಿಗಳು ನಾಶವಾಗಿ ನುಸಿಯ ಬಾಧೆ ಹೆಚ್ಚುವ ಸಂಭವವಿದೆ.

ಹತೋಟಿ ಕ್ರಮಗಳು

1. ಸವರುವಿಕೆಯ ಕಾಲವನ್ನು ಸದುಪಯೋಗಪಡಿಸಿಕೊಳ್ಳಿ

ವರ್ಷದಲ್ಲಿ ಗಿಡದ ಮೇಲೆ ಮೊಗ್ಗಿಲ್ಲದ ಕಾಲವೆಂದರೆ ಸವರಿದ ನಂತರದ ಕೆಲವು ವಾರಗಳು. ಮೊಗ್ಗಿಲ್ಲದೆ ಮೊಗ್ಗಿನ ಕೀಟಗಳು ಬದುಕಲಾರವು. ಕೀಟದ ಸರಪಳಿಯನ್ನು ಕಡಿಯಲು ಇದಕ್ಕಿಂತ ಉತ್ತಮ ಅವಕಾಶ ಬೇರೊಂದಿಲ್ಲ. ಬಯಲುಸೀಮೆಯಲ್ಲಿ ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನೆಲದಿಂದ 45 ರಿಂದ 50 ಸೆಂ.ಮೀ. ಎತ್ತರಕ್ಕೆ ಸವರುವುದು ವಾಡಿಕೆ. ಇತರ ಜಾತಿಗಳಲ್ಲಿ ಮತ್ತು ಕರಾವಳಿಯಲ್ಲಿ ಆಯಾ ಭಾಗದ ರೂಢಿಯ ಕಾಲವನ್ನು ಅನುಸರಿಸಬೇಕು.

ಸವರುವ ಮುನ್ನ ನೀರು ಹಾಯಿಸುವುದನ್ನು ಕೆಲ ದಿನ ನಿಲ್ಲಿಸಿ. ಒಣಗಿದ, ರೋಗ ತಗುಲಿದ, ಒಳಮುಖವಾಗಿ ಬೆಳೆದ ರೆಂಬೆಗಳನ್ನು ತೆಗೆದುಹಾಕಿ. ಸವರಿದ ರೆಂಬೆಗಳನ್ನು ತೋಟದ ಬದುವಿನಲ್ಲಿ ರಾಶಿ ಹಾಕದೆ ಹೊರಗೆ ಸಾಗಿಸಿ.

ಊರಿನ ಎಲ್ಲ ತೋಟಗಳಲ್ಲಿ ಒಂದೇ ವಾರದಲ್ಲಿ ಸವರುವುದು ಹೆಚ್ಚು ಪರಿಣಾಮಕಾರಿ. ಪಕ್ಕದ ತೋಟದಲ್ಲಿ ಮೊಗ್ಗು ಇದ್ದರೆ ಪತಂಗ ಮತ್ತು ನೊಣ ಅಲ್ಲಿ ಆಶ್ರಯ ಪಡೆದು ಮರಳಿ ಬರುತ್ತವೆ. ವಿಸ್ತರಣಾ ಕಾರ್ಯಕರ್ತರು ಇದನ್ನು ಗ್ರಾಮ ಮಟ್ಟದ ಕಾರ್ಯಕ್ರಮವಾಗಿ ಕೈಗೊಳ್ಳುವುದು ಸೂಕ್ತ.

2. ಬುಡದ ಮಣ್ಣಿನ ಉಪಚಾರ

ಸವರಿದ ಕೂಡಲೇ ಪಾತಿಯ ಮೇಲ್ಮಣ್ಣನ್ನು ಬೇರುಗಳಿಗೆ ಪೆಟ್ಟಾಗದಂತೆ 5 ರಿಂದ 8 ಸೆಂ.ಮೀ. ಆಳಕ್ಕೆ ಹಗುರವಾಗಿ ಕೆದಕಿ ಕೆಲ ದಿನ ಬಿಸಿಲಿಗೆ ಬಿಡಿ. ಮೇಲೆ ಬಂದ ಕೋಶಗಳು ಬಿಸಿಲಿಗೆ ಒಣಗುತ್ತವೆ, ಉಳಿದವನ್ನು ಹಕ್ಕಿ ಮತ್ತು ಇರುವೆಗಳು ಹೆಕ್ಕುತ್ತವೆ.

ಆನಂತರ ಗಿಡವೊಂದಕ್ಕೆ 250 ರಿಂದ 500 ಗ್ರಾಂ ಬೇವಿನ ಹಿಂಡಿಯನ್ನು ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಪಾತಿಯಲ್ಲಿ ಹರಡಿ, ಮಣ್ಣಿನಲ್ಲಿ ಸೇರಿಸಿ, ನೀರು ಕೊಡಿ. ಬೇವಿನ ಹಿಂಡಿಯು ಬೇರುಗಂಟು ಜಂತುಹುಳುವಿನ ಬಾಧೆಯನ್ನೂ ತಗ್ಗಿಸುತ್ತದೆ. ಎಲೆಗಳು ಹಳದಿಯಾಗಿ ಗಿಡ ಸೊರಗುತ್ತಿದ್ದರೆ ಒಂದೆರಡು ಬೇರು ಕಿತ್ತು ಗಂಟುಗಳಿವೆಯೇ ಎಂದು ನೋಡಿ. ಅಂತಹ ತೋಟದಲ್ಲಿ ಸಾಲುಗಳ ನಡುವೆ ಚೆಂಡು ಹೂ ಬೆಳೆಯುವುದು ಸಹಕಾರಿ.

ಮೊಗ್ಗು ನೊಣದ ಬಾಧೆ ಪ್ರತಿ ವರ್ಷ ಮರುಕಳಿಸುವ ತೋಟದಲ್ಲಿ ಹೂ ಬಿಡುವ ಕಾಲದುದ್ದಕ್ಕೂ ಗಿಡದ ಬುಡದ ಸುತ್ತ ಪ್ಲಾಸ್ಟಿಕ್ ಹೊದಿಕೆ ಅಥವಾ ಕಳೆ ತಡೆಯುವ ಒತ್ತು ನೇಯ್ಗೆಯ ಹಾಸನ್ನು ಹರಡಬಹುದು. ಉದುರಿದ ಹುಳುಗಳಿಗೆ ಮಣ್ಣು ದೊರೆಯದೆ ಸಾಯುತ್ತವೆ. ಮನೆಯ ಅಂಗಳದಲ್ಲಿ ಹತ್ತಿಪ್ಪತ್ತು ಗಿಡ ಬೆಳೆಸಿರುವ ಕುಟುಂಬಗಳಿಗೆ ಇದು ಅಗ್ಗದ ಉಪಾಯ. ಹಾಸಿನ ಮೇಲೆ ಬಿದ್ದ ಮೊಗ್ಗುಗಳನ್ನು ಗುಡಿಸಿ ತೆಗೆಯುವುದೂ ಸುಲಭ. ಹೊದಿಕೆ ಹಾಕದ ಕಡೆ ಪಾತಿಯನ್ನು ಸದಾ ಕೆಸರಾಗಿಡದೆ, ಎರಡು ನೀರಿನ ನಡುವೆ ಮೇಲ್ಮಣ್ಣು ಆರಲು ಬಿಡಿ.

3. ಬಾಧಿತ ಮೊಗ್ಗುಗಳ ಸಂಗ್ರಹ ಮತ್ತು ನಾಶ

ಸವರುವಿಕೆ ವರ್ಷಕ್ಕೊಮ್ಮೆಯ ಕೆಲಸವಾದರೆ ಇದು ನಿತ್ಯದ ಕೆಲಸ. ಮೊಗ್ಗು ಬಿಡಿಸುವವರು ಹೇಗೂ ಪ್ರತಿ ಗಿಡವನ್ನೂ ನೋಡುತ್ತಾರೆ. ಅವರ ಸೊಂಟಕ್ಕೆ ಎರಡನೆಯ ಚೀಲವೊಂದನ್ನು ಕಟ್ಟಿಕೊಟ್ಟು, ನೇರಳೆ ಬಣ್ಣದ, ರಂಧ್ರವಿರುವ, ಬುಡ ಉಬ್ಬಿದ ಮೊಗ್ಗುಗಳನ್ನು ಅದಕ್ಕೆ ಹಾಕುವಂತೆ ತಿಳಿಸಿ. ನೆಲಕ್ಕೆ ಬಿದ್ದ ಮೊಗ್ಗುಗಳನ್ನೂ ಹೆಕ್ಕಬೇಕು.

ಹೀಗೆ ಸಂಗ್ರಹಿಸಿದ್ದನ್ನು ತಿಪ್ಪೆಗೆ ಎಸೆಯಬಾರದು. ಹುಳುಗಳು ಅಲ್ಲಿಯೇ ಕೋಶವಾಗಿ ಪತಂಗಗಳಾಗಿ ಹೊರಬರುತ್ತವೆ. ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಬಿಸಿಲಿನಲ್ಲಿ ಒಂದು ವಾರ ಇರಿಸಿ. ಮೋಡ ಕವಿದ ದಿನಗಳಲ್ಲಿ ಕುದಿಯುವ ನೀರಿಗೆ ಹಾಕಿ.

ಕೀಟದ ಒಂದು ಪೀಳಿಗೆ ಮೂರು ನಾಲ್ಕು ವಾರದ್ದಾಗಿರುವುದರಿಂದ ಈ ಕೆಲಸವನ್ನು ಎಡೆಬಿಡದೆ ಕನಿಷ್ಠ ಐದು ವಾರ ಮಾಡಿದರೆ ಮಾತ್ರ ವ್ಯತ್ಯಾಸ ಕಂಡುಬರುತ್ತದೆ. ಮೊದಲ ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡಬಾರದು. ಮಣ್ಣಿನಲ್ಲಿ ಈಗಾಗಲೇ ಇರುವ ಕೋಶಗಳಿಂದ ಪತಂಗ ಮತ್ತು ನೊಣಗಳು ಇನ್ನೂ ಕೆಲ ದಿನ ಹೊರಬರುತ್ತಲೇ ಇರುತ್ತವೆ.

4. ವಾರಕ್ಕೊಮ್ಮೆ ಎಣಿಕೆ

ತೋಟದ ಬೇರೆ ಬೇರೆ ಕಡೆಗಳಲ್ಲಿ 10 ಗಿಡಗಳನ್ನು ಆರಿಸಿ, ಪ್ರತಿ ಗಿಡದಲ್ಲಿ 10 ಮೊಗ್ಗುಗಳನ್ನು ಪರೀಕ್ಷಿಸಿ. ಒಟ್ಟು 100 ಮೊಗ್ಗುಗಳಲ್ಲಿ ಬಾಧಿತವಾದವು ಎಷ್ಟೋ ಅದೇ ಶೇಕಡಾವಾರು ಹಾನಿ. ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಸಂಖ್ಯೆ ಇಳಿಯುತ್ತಿದ್ದರೆ ಸಿಂಪರಣೆ ಅನಗತ್ಯ. ಎರಡು ವಾರ ಸತತವಾಗಿ ಏರಿದರೆ ಮುಂದೆ ತಿಳಿಸಿದ ಮೃದು ಸಿಂಪರಣೆಗಳನ್ನು ಕೈಗೊಳ್ಳಿ. ಬಿಳಿ ನೊಣದ ಇರುವಿಕೆ ತಿಳಿಯಲು ಹಳದಿ ಅಂಟು ಹಾಳೆ ಮತ್ತು ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆಗಳನ್ನು ಗಿಡದ ಎತ್ತರಕ್ಕೆ ತೂಗುಬಿಡಬಹುದು.

5. ಮೃದು ಸಿಂಪರಣೆಗಳು

ಬೇವಿನ ಬೀಜದ ಕಷಾಯ (ಶೇ. 5): ನೆರಳಿನಲ್ಲಿ ಒಣಗಿಸಿದ, ಎಂಟು ತಿಂಗಳಿಗಿಂತ ಹಳೆಯದಲ್ಲದ ಬೇವಿನ ಬೀಜದ ತಿರುಳು 5 ಕೆ.ಜಿ. ತೆಗೆದುಕೊಂಡು ತರಿತರಿಯಾಗಿ ಕುಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಕಲಕಿ, ಎರಡು ಪದರದ ಬಟ್ಟೆಯಲ್ಲಿ ಶೋಧಿಸಿ, 200 ಗ್ರಾಂ ಸೋಪಿನ ಪುಡಿಯನ್ನು ಪ್ರತ್ಯೇಕವಾಗಿ ಕರಗಿಸಿ ಸೇರಿಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಬೆರೆಸಿ. ಅಂಗಳದ ಗಿಡಗಳಿಗಾದರೆ 500 ಗ್ರಾಂ ತಿರುಳಿಗೆ 10 ಲೀಟರ್ ದ್ರಾವಣದ ಲೆಕ್ಕ ಸಾಕು. ಅದೇ ದಿನ ಬಳಸಬೇಕು. ಬೇವಿನ ಸಾರ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಸಂಜೆ 4 ಗಂಟೆಯ ನಂತರ ಸಿಂಪಡಿಸುವುದು ಸೂಕ್ತ. ಬೇವು ಕೀಟವನ್ನು ತಕ್ಷಣ ಕೊಲ್ಲುವುದಿಲ್ಲ. ಮೊಟ್ಟೆ ಇಡುವುದನ್ನು, ತಿನ್ನುವುದನ್ನು ಮತ್ತು ಪೊರೆ ಕಳಚುವುದನ್ನು ತಡೆಯುತ್ತದೆ. ಆದ್ದರಿಂದ ಮರುದಿನ ಸತ್ತ ಹುಳುಗಳನ್ನು ಹುಡುಕದೆ, ಮರುವಾರದ ಎಣಿಕೆಯನ್ನು ನೋಡಿ.

ಬೇವಿನ ಸೋಪು ಮತ್ತು ಹೊಂಗೆ ಸೋಪು: ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿರುವ ಈ ಸೋಪುಗಳನ್ನು ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಕರಗಿಸಿ ರಸ ಹೀರುವ ಕೀಟಗಳಿಗೆ ಬಳಸಬಹುದು. ಕಷಾಯ ತಯಾರಿಸಲು ಸಮಯವಿಲ್ಲದವರಿಗೆ ಅನುಕೂಲ.

ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ): ಲೀಟರ್ ನೀರಿಗೆ 2 ಗ್ರಾಂ. ಇದು ಹುಳುವಿನ ಹೊಟ್ಟೆಗೆ ಸೇರಿದರೆ ಮಾತ್ರ ಕೆಲಸ ಮಾಡುವ ಸೂಕ್ಷ್ಮಾಣು. ಮೊಗ್ಗು ಕೊರೆಯುವ ಹುಳು, ಗೊಂಚಲು ಹೆಣೆಯುವ ಹುಳು ಮತ್ತು ಎಲೆ ಬಲೆ ಹುಳುವಿನ ಎಳೆಯ ಮರಿಗಳಿಗೆ ಉಪಯುಕ್ತ. ಮೊಗ್ಗು ನೊಣಕ್ಕೆ, ನುಸಿಗೆ, ರಸ ಹೀರುವ ಕೀಟಗಳಿಗೆ ಇದರಿಂದ ಪ್ರಯೋಜನವಿಲ್ಲ. ಹಸಿರು ಎಳೆ ಮೊಗ್ಗುಗಳು ಚೆನ್ನಾಗಿ ತೊಯ್ಯುವಂತೆ ಸಂಜೆ ಸಿಂಪಡಿಸಿ, ವಾರದ ನಂತರ ಪುನರಾವರ್ತಿಸಿ.

ನೀರಿನಲ್ಲಿ ಕರಗುವ ಗಂಧಕ: ಲೀಟರ್ ನೀರಿಗೆ 2 ರಿಂದ 3 ಗ್ರಾಂ. ಎರಿಯೋಫಿಡ್ ನುಸಿ ಮತ್ತು ಕೆಂಪು ನುಸಿಗೆ ಸೂಕ್ತ. ರೋಮ ಬೆಳೆದ ರೆಂಬೆಗಳನ್ನು ಮೊದಲು ಕತ್ತರಿಸಿ ತೆಗೆಯಿರಿ. ಸುಡುಬಿಸಿಲಿನ ದಿನಗಳಲ್ಲಿ ಗಂಧಕವು ಎಲೆಗಳನ್ನು ಸುಡುತ್ತದೆ. ಬೇವಿನೆಣ್ಣೆ ಅಥವಾ ಬೇರೆ ಎಣ್ಣೆ ಸಿಂಪಡಿಸಿದ ಎರಡು ಮೂರು ವಾರದೊಳಗೆ ಗಂಧಕ ಬಳಸಬೇಡಿ.

6. ಸಿಂಪರಣೆ ಮತ್ತು ಕೊಯ್ಲನ್ನು ಹೊಂದಿಸುವ ಬಗೆ

ಮೃದು ಸಿಂಪರಣೆಗೂ ವಾಸನೆ ಮತ್ತು ಕಲೆಯಿದೆ. ಬೇವಿನ ಕಟು ವಾಸನೆ ಹಿಡಿದ ಮಲ್ಲಿಗೆಯನ್ನು ವ್ಯಾಪಾರಿ ತಿರಸ್ಕರಿಸುತ್ತಾನೆ. ಎಣ್ಣೆ ತಾಗಿದ ಬಿಳಿ ಮೊಗ್ಗು ಕಂದುತ್ತದೆ. ಇದಕ್ಕೆ ಪರಿಹಾರವೆಂದರೆ, ತೋಟವನ್ನು ನಾಲ್ಕು ಭಾಗವಾಗಿ ವಿಂಗಡಿಸಿ ಒಂದು ಸಂಜೆ ಒಂದು ಭಾಗಕ್ಕೆ ಮಾತ್ರ ಸಿಂಪಡಿಸುವುದು. ಮರುದಿನ ಆ ಭಾಗದ ಮೊಗ್ಗನ್ನು ಮಾರಾಟಕ್ಕೆ ಕಳುಹಿಸದೆ ಬಿಡಿಸಿ ತೆಗೆಯಬೇಕು. ಕಾಲು ಭಾಗದ ಒಂದು ದಿನದ ಹೂವು ನಷ್ಟವಾಗುತ್ತದೆ ನಿಜ. ಆದರೆ ಇಡೀ ತೋಟದ ಹೂವಿನ ಹೆಸರು ಉಳಿಯುತ್ತದೆ. ಹಬ್ಬ ಮತ್ತು ಮದುವೆಯ ದಿನಗಳಲ್ಲಿ ದರ ಏರುವುದರಿಂದ ಅದಕ್ಕೆ ಒಂದು ವಾರ ಮೊದಲೇ ಸಿಂಪರಣೆ ಮುಗಿಸುವಂತೆ ಯೋಜಿಸಿ.

ಎಚ್ಚರಿಕೆಗಳು

ರೇಷ್ಮೆ ಬೆಳೆಗಾರರ ನೆರೆಯಲ್ಲಿ: ಬಿಟಿ ಸೂಕ್ಷ್ಮಾಣು ರೇಷ್ಮೆ ಹುಳುವಿಗೂ ಮಾರಕ. ಬ್ಯೂವೇರಿಯಾ ಶಿಲೀಂಧ್ರವು ರೇಷ್ಮೆ ಹುಳುವಿನಲ್ಲಿ ಸುಣ್ಣಕಟ್ಟು ರೋಗ ತರುತ್ತದೆ. ಬೇವಿನ ಸಾರ ತಾಗಿದ ಹಿಪ್ಪುನೇರಳೆ ಸೊಪ್ಪೂ ಹುಳುಗಳಿಗೆ ಹಾನಿಕರ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಇವನ್ನು ಸಿಂಪಡಿಸದೆ, ಸವರುವಿಕೆ, ಮೊಗ್ಗು ಸಂಗ್ರಹ ಮತ್ತು ಮಣ್ಣಿನ ಉಪಚಾರಕ್ಕೆ ಸೀಮಿತವಾಗಿರಿ. ನಿಮ್ಮ ಮನೆಯಲ್ಲೇ ರೇಷ್ಮೆ ಸಾಕಣೆ ಇದ್ದರೆ ಸಿಂಪಡಿಸಿದ ಬಟ್ಟೆಯಲ್ಲಿ ಸಾಕಣೆ ಮನೆ ಪ್ರವೇಶಿಸಬೇಡಿ.

ತಂಬಾಕಿನ ಕಷಾಯ ಬೇಡ: ಸಸ್ಯದಿಂದ ಬಂದ ಮಾತ್ರಕ್ಕೆ ಎಲ್ಲವೂ ನಿರಪಾಯಕಾರಿಯಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುವ ತೀವ್ರ ವಿಷ. ಮುಡಿಯುವ ಹೂವಿಗೆ ಇದನ್ನು ಎಂದಿಗೂ ಬಳಸಬಾರದು.

ಹೆಸರಿಲ್ಲದ ಬಾಟಲಿಗಳು: "ಜೈವಿಕ" ಎಂದು ಬರೆದ, ಆದರೆ ನೋಂದಣಿ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಒಳವಸ್ತುವಿನ ವಿವರವಿಲ್ಲದ ಬಾಟಲಿಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ರಾಸಾಯನಿಕ ಕೀಟನಾಶಕ ಬೆರೆತಿರುವ ಸಾಧ್ಯತೆ ಇದೆ. ರಸೀದಿ ಪಡೆಯುವುದನ್ನು ಮರೆಯಬೇಡಿ. ಸೂಕ್ಷ್ಮಾಣು ಉತ್ಪನ್ನಗಳನ್ನು ನೆರಳಿನಲ್ಲಿಟ್ಟು, ಅವಧಿ ಮುಗಿಯುವ ಮುನ್ನ ಬಳಸಿ.

ಹಳೆಯ ಶಿಫಾರಸುಗಳು: ಹಿಂದಿನ ಕೈಪಿಡಿಗಳಲ್ಲಿ ಮಲ್ಲಿಗೆಯ ಮೊಗ್ಗು ಹುಳುವಿಗೆ ಮಾನೋಕ್ರೋಟೋಫಾಸ್‌ನಂತಹ ಕೀಟನಾಶಕಗಳನ್ನು ಸೂಚಿಸಲಾಗಿತ್ತು. ಅವನ್ನು ಈಗ ಅನುಸರಿಸಬಾರದು. ಡೈಕ್ಲೋರ್‌ವಾಸ್, ಫೋರೇಟ್ ಮತ್ತು ಟ್ರೈಯಜೋಫಾಸ್‌ಗಳ ಬಳಕೆಯನ್ನು ಕೇಂದ್ರ ಸರ್ಕಾರವು 2018ರ ಆದೇಶದಂತೆ 2020ರ ಅಂತ್ಯದಿಂದ ನಿಷೇಧಿಸಿದೆ. ಮಾನೋಕ್ರೋಟೋಫಾಸ್ ಶೇ. 36 ದ್ರಾವಣವೂ 2023ರ ಆದೇಶದಲ್ಲಿ ನಿಷೇಧಕ್ಕೆ ಒಳಪಟ್ಟಿದೆ. ಮನೆಯಲ್ಲಿ ಉಳಿದಿರುವ ಹಳೆಯ ಬಾಟಲಿಗಳನ್ನು "ಮುಗಿಸಿಬಿಡೋಣ" ಎಂದು ಮಲ್ಲಿಗೆಗೆ ಸಿಂಪಡಿಸುವುದು ಅಪಾಯಕಾರಿ.

ಸಿಂಪಡಿಸುವಾಗ: ಬೇವು, ಗಂಧಕಗಳನ್ನು ಸಿಂಪಡಿಸುವಾಗಲೂ ಮೂಗು, ಬಾಯಿ ಮುಚ್ಚುವ ಬಟ್ಟೆ, ಕೈಗವಸು ಧರಿಸಿ. ಬೇವಿನ ಉತ್ಪನ್ನಗಳು ಮೀನುಗಳಿಗೆ ಹಾನಿಕರವಾಗಿರುವುದರಿಂದ ಕೆರೆ, ಹೊಂಡ, ಬಾವಿಯ ಬಳಿ ಉಪಕರಣ ತೊಳೆಯಬೇಡಿ.

ವಾರ್ಷಿಕ ಕಾರ್ಯಸೂಚಿ (ಬಯಲುಸೀಮೆಯ ದುಂಡು ಮಲ್ಲಿಗೆಗೆ)

ನವೆಂಬರ್ ಕೊನೆ - ಡಿಸೆಂಬರ್: ನೀರು ನಿಲ್ಲಿಸಿ ಸವರುವುದು. ರೆಂಬೆಗಳನ್ನು ಹೊರಸಾಗಿಸುವುದು. ಪಾತಿ ಕೆದಕಿ ಬಿಸಿಲಿಗೆ ಬಿಡುವುದು.

ಜನವರಿ: ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಕೊಡುವುದು. ಬಾಧೆ ಇದ್ದ ತೋಟದಲ್ಲಿ ಬುಡಕ್ಕೆ ಹೊದಿಕೆ ಹಾಸುವುದು.

ಫೆಬ್ರವರಿ: ಹೊಸ ಚಿಗುರಿನಲ್ಲಿ ನುಸಿ, ಥ್ರಿಪ್ಸ್ ಪರೀಕ್ಷೆ. ಅಗತ್ಯವಿದ್ದರೆ ಬೇವು ಅಥವಾ ಗಂಧಕದ ಸಿಂಪರಣೆ. ಮೊಗ್ಗು ಇನ್ನೂ ಕೊಯ್ಲಿಗೆ ಬಾರದ ಈ ಕಾಲದಲ್ಲಿ ಸಿಂಪಡಿಸಿದರೆ ಮುಂದೆ ಕೊಯ್ಲಿನ ಕಾಲದಲ್ಲಿ ಸಿಂಪಡಿಸುವ ಅಗತ್ಯ ಕಡಿಮೆಯಾಗುತ್ತದೆ.

ಮಾರ್ಚ್ - ಜೂನ್: ಹೂವಿನ ಮುಖ್ಯ ಕಾಲ. ಪ್ರತಿ ದಿನ ಬಾಧಿತ ಮೊಗ್ಗುಗಳ ಸಂಗ್ರಹ, ವಾರಕ್ಕೊಮ್ಮೆ ಎಣಿಕೆ. ಏರಿಕೆ ಕಂಡರೆ ಮಾತ್ರ ಭಾಗವಾರು ಸಿಂಪರಣೆ.

ಜುಲೈ - ಅಕ್ಟೋಬರ್: ಒಳರೆಂಬೆಗಳನ್ನು ತೆಳುವಾಗಿಸುವುದು, ಎಲೆ ಬಲೆ ಹುಳುವಿನ ಗೂಡುಗಳನ್ನು ಕಿತ್ತು ನಾಶಪಡಿಸುವುದು, ಪಾತಿಯಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ತರಬೇತಿಗಳಿಗೆ ತೋಟದ ಯಜಮಾನರನ್ನಷ್ಟೇ ಕರೆಯುವುದು ರೂಢಿ. ಮಲ್ಲಿಗೆಯಲ್ಲಿ ಮೊಗ್ಗನ್ನು ದಿನವೂ ನೋಡುವವರು ಬಿಡಿಸುವ ಮಹಿಳೆಯರು. ಬಾಧೆಯನ್ನು ಮೊದಲು ಕಾಣುವವರೂ ಅವರೇ, ವಿಷದ ಸಂಪರ್ಕಕ್ಕೆ ಮೊದಲು ಬರುವವರೂ ಅವರೇ. ಮೊಗ್ಗು ಸೀಳಿ ಕೀಟ ಗುರುತಿಸುವ ಪ್ರಾತ್ಯಕ್ಷಿಕೆಯನ್ನು ಬೆಳಗಿನ ಕೊಯ್ಲಿನ ಹೊತ್ತಿನಲ್ಲಿ, ತೋಟದಲ್ಲೇ ನಡೆಸಿ. ಹೆಚ್ಚುವರಿ ಚೀಲದಲ್ಲಿ ಬಾಧಿತ ಮೊಗ್ಗು ಸಂಗ್ರಹಿಸುವ ಶ್ರಮಕ್ಕೆ ಪ್ರತ್ಯೇಕ ಕೂಲಿ ನೀಡುವಂತೆ ಬೆಳೆಗಾರರಿಗೆ ಮನವರಿಕೆ ಮಾಡಿಕೊಡಿ. ತೂಕಕ್ಕೆ ಅಥವಾ ಎಣಿಕೆಗೆ ಕೂಲಿ ಪಡೆಯುವವರು ಕೆಟ್ಟ ಮೊಗ್ಗಿಗೆ ಕೈ ಹಾಕಿ ಸಮಯ ಕಳೆಯಲಾರರು.

ಸಾರಾಂಶ

- ಸಿಂಪಡಿಸುವ ಮುನ್ನ ಮೊಗ್ಗನ್ನು ಸೀಳಿ ಕೀಟ ಗುರುತಿಸಿ.
- ಊರಿನವರೆಲ್ಲ ಒಟ್ಟಾಗಿ ಸವರಿ, ಪಾತಿ ಕೆದಕಿ, ಬೇವಿನ ಹಿಂಡಿ ಕೊಡಿ.
- ಬಾಧಿತ ಮೊಗ್ಗುಗಳನ್ನು ಐದು ವಾರ ಬಿಡದೆ ಸಂಗ್ರಹಿಸಿ ನಾಶಪಡಿಸಿ, ತಿಪ್ಪೆಗೆ ಎಸೆಯಬೇಡಿ.
- ಎಣಿಕೆ ಏರಿದರೆ ಮಾತ್ರ, ತೋಟದ ಒಂದೊಂದೇ ಭಾಗಕ್ಕೆ ಮೃದು ಸಿಂಪರಣೆ ಮಾಡಿ.
- ಹಿಪ್ಪುನೇರಳೆ ಪಕ್ಕದಲ್ಲಿದ್ದರೆ ಬಿಟಿ, ಬ್ಯೂವೇರಿಯಾ ಮತ್ತು ಬೇವಿನ ಸಿಂಪರಣೆ ಬೇಡ.

ಈ ಕ್ರಮಗಳನ್ನು ಕೈಗೊಂಡ ನಂತರವೂ ಬಾಧೆ ತಗ್ಗದಿದ್ದರೆ, ಬಾಧಿತ ಮೊಗ್ಗುಗಳ ಮಾದರಿಯನ್ನು ಗಾಳಿಯಾಡುವ ಡಬ್ಬಿಯಲ್ಲಿ ಹಾಕಿಕೊಂಡು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿ. ಬರುವಾಗ ನಿಮ್ಮ ಎಣಿಕೆಯ ಪುಸ್ತಕವನ್ನೂ ತನ್ನಿ. ಬಾಧೆ ಯಾವ ವಾರ ಆರಂಭವಾಯಿತು, ಯಾವ ಕ್ರಮದ ನಂತರ ಇಳಿಯಿತು ಅಥವಾ ಏರಿತು ಎಂಬ ಆ ದಾಖಲೆಯು ತಜ್ಞರಿಗೆ ಸರಿಯಾದ ಸಲಹೆ ನೀಡಲು ನೆರವಾಗುತ್ತದೆ.